ಅಪ್‌ಡೇಟ್: ಹಾವಿನ ಟ್ಯಾಂಕ್ ಕಡೆಗೂ ತಂಪಾಯಿತು

ಹಾವಿನ ಟ್ಯಾಂಕ್ ತಂಪು ಮಾಡಿ ತೇವಾಂಶ ಏರಿಸುವುದು ಹೇಗೆ ಅಂತ ಏಪ್ರಿಲ್‌ನಲ್ಲಿ ಇಲ್ಲಿ ಕೇಳಿದ್ದೆ, ನೆನಪಿದೆಯಾ? ಮೇಲಿನ ಮಹಡಿ ಮನೆ, ತಾರಸಿ ಕಾದು ನಮ್ಮ ಬಾಲ್ ಪೈಥಾನ್ (ಸಾಕುವ ಸಣ್ಣ ಜಾತಿಯ ಹೆಬ್ಬಾವು) ಟ್ಯಾಂಕ್ ಒಳಗೆ 33 ಡಿಗ್ರಿ, ತೇವಾಂಶ 30 ಪರ್ಸೆಂಟ್, ಪೊರೆ ಚೂರು ಚೂರಾಗಿ ಮೈಗೆ ಅಂಟಿಕೊಂಡಿತ್ತು.

ಮೊದಲ ತಪ್ಪು ನನ್ನದೇ. ಗಾಜಿಗೆ ಅಂಟಿಸುವ ಮುಳ್ಳಿನ ಮೀಟರ್ ನಂಬಿಕೊಂಡಿದ್ದೆ. ಡಿಜಿಟಲ್ ತಂದು ಇಟ್ಟರೆ 36! ಟ್ಯಾಂಕಿನ ಒಂದು ಕಡೆ ಬೆಚ್ಚಗಿಡುವ ಹೀಟ್ ಮ್ಯಾಟನ್ನು ಥರ್ಮೋಸ್ಟಾಟ್‌ಗೆ ಹಾಕಿದೆ, ಈಗ ಮಧ್ಯಾಹ್ನ ತಾನಾಗೇ ಆಫ್ ಆಗುತ್ತದೆ. ಟ್ಯಾಂಕನ್ನು ಬಿಸಿಲು ಬೀಳದ ರೂಮಿನಲ್ಲಿ ನೆಲದ ಮೇಲಿಟ್ಟೆ. ಬಿಸಿ ಕಡೆ 32, ತಂಪು ಕಡೆ 27.

ತೇವಾಂಶದ್ದೇ ದೊಡ್ಡ ಗೋಳು. ದಿನಕ್ಕೆ ನಾಲ್ಕು ಸಲ ಸ್ಪ್ರೇ ಮಾಡುತ್ತಿದ್ದೆ, ಸುಮ್ನೆ ದಂಡ, ಗಂಟೆಯೊಳಗೆ ಒಣಗುತ್ತಿತ್ತು. ನೀವು ಹೇಳಿದಂತೆ ಜಾಲರಿ ಮುಚ್ಚಳದ ಮುಕ್ಕಾಲು ಭಾಗ ಮುಚ್ಚಿ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ದಪ್ಪಗೆ ಹಾಸಿ, ಮೂಲೆಯಲ್ಲಿ ಮಾತ್ರ ನೀರು ಸುರಿದೆ, ಅಂದರೆ ಕೆಳಗೆ ಒದ್ದೆ, ಮೇಲೆ ಒಣ, ಇಲ್ಲದಿದ್ದರೆ ಹೊಟ್ಟೆಯ ಚರ್ಮ ಕೊಳೆಯುತ್ತದೆ ಅಲ್ವಾ. ಅಡಗಲು ಒಡೆದ ಮಣ್ಣಿನ ಮಡಕೆ, ಒಳಗೆ ಒದ್ದೆ ಪಾಚಿ. 60 ಪರ್ಸೆಂಟ್ ನಿಂತಿತು.

ತಂಪಿಗೆ ಟ್ಯಾಂಕಿನೊಳಗೆ ಐಸ್ ಬಾಟಲಿ ಇಡುವ ಐಡಿಯಾ ಮಾತ್ರ ಬೇಡ, ಬೆವರಿ ಎಲ್ಲ ಕೆಸರಾಯಿತು.

ಮೊನ್ನೆ ಪೊರೆ ಕಾಲುಚೀಲದಂತೆ ಇಡಿಯಾಗಿ ಬಂತು, ಕಣ್ಣಿನ ಪದರ ಸಮೇತ. ಅಮ್ಮ ಇನ್ನೂ ಆ ರೂಮಿಗೆ ಕಾಲಿಡುತ್ತಿಲ್ಲ.