ಫ್ಲೂ ಜ್ವರದ ಉರಿಯೂತಕ್ಕೆ ಆಂಟಿಆಕ್ಸಿಡೆಂಟ್ ಮಾತ್ರೆ: ಕೊಡಬೇಕೇ, ಬೇಡವೇ?

ಗುಳಿಗೆಪೆಟ್ಟಿಗೆ (ಪ್ರಶ್ನೆ)

ಇನ್‌ಫ್ಲುಯೆಂಜಾದಲ್ಲಿ ಶ್ವಾಸಕೋಶ ಕೆಡುವುದಕ್ಕೆ ವೈರಸ್ ಜೊತೆ ನಮ್ಮ ರೋಗನಿರೋಧಕ ಕೋಶಗಳೂ ಕಾರಣ ಅನ್ನುತ್ತಾರೆ. ಹಾಗಿದ್ದರೆ ಎನ್‌ಎಸಿ (ಎನ್-ಅಸಿಟೈಲ್‌ಸಿಸ್ಟೀನ್) 600 ಮಿ.ಗ್ರಾಂ, ವಿಟಮಿನ್ ಸಿ 1000 ಮಿ.ಗ್ರಾಂ, ಜಿಂಕ್ ಇವನ್ನು ಸೇರಿಸಿ ಕೊಡುವುದರಲ್ಲಿ ಅರ್ಥವಿದೆಯೇ? ಮೂರು ದಿನ ಪ್ರೆಡ್ನಿಸೋಲೋನ್ (ಉರಿಯೂತ ತಗ್ಗಿಸುವ ಸ್ಟಿರಾಯ್ಡ್) ಕೊಟ್ಟರೆ ಏನು ತಪ್ಪು? ವಯಸ್ಕ ರೋಗಿ, ಜ್ವರದ ಎರಡನೇ ದಿನ, ಆಸ್ಪತ್ರೆಗೆ ಸೇರಿಸುವಷ್ಟು ತೀವ್ರವಲ್ಲ ಎಂದಿಟ್ಟುಕೊಳ್ಳಿ.

ಇರುಳುಡ್ಯೂಟಿ

ಎರಡನೇ ದಿನ ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ವೈರಸ್ ಪ್ರಮಾಣ ಅತಿ ಹೆಚ್ಚಿರುವುದು ಲಕ್ಷಣ ಕಾಣಿಸಿಕೊಂಡ ಮೊದಲ ಒಂದೆರಡು ದಿನ. ವೈರಸ್ಸಿನ ಆರ್‌ಎನ್‌ಎ ಗುರುತು ಸಿಕ್ಕೊಡನೆ ಕೋಶಗಳು ಐಎಲ್-6, ಟಿಎನ್‌ಎಫ್‌ನಂಥ ಸೈಟೊಕೈನ್ (ಉರಿಯೂತ ಎಬ್ಬಿಸುವ ಸಂಕೇತ ಪ್ರೋಟೀನ್) ಬಿಡುತ್ತವೆ. ಅದರ ಹಿಂದೆಯೇ ಬರುವ ರೋಗನಿರೋಧಕ ಕೋಶಗಳಾದ ನ್ಯೂಟ್ರೊಫಿಲ್, ಮ್ಯಾಕ್ರೊಫೇಜ್‌ಗಳು ಎನ್‌ಎಡಿಪಿಎಚ್ ಆಕ್ಸಿಡೇಸ್ ಕಿಣ್ವದಿಂದ ಸೂಪರ್‌ಆಕ್ಸೈಡ್ (ಆಂಟಿಆಕ್ಸಿಡೆಂಟ್‌ಗಳು ತಣಿಸಲು ನೋಡುವ ಕ್ರಿಯಾಶೀಲ ಆಕ್ಸಿಜನ್) ತಯಾರಿಸುತ್ತವೆ. ಅದು ನೈಟ್ರಿಕ್ ಆಕ್ಸೈಡ್ ಜೊತೆ ಸೇರಿದರೆ ಪೆರಾಕ್ಸಿನೈಟ್ರೈಟ್ ಎಂಬ ವಿಷಕಾರಿ ವಸ್ತು. ಶ್ವಾಸಕೋಶದ ಒಳಪದರವನ್ನು ಕೆಡಿಸುವುದರಲ್ಲಿ ಇದರ ಕೈವಾಡ ದೊಡ್ಡದು. ಅಂದಮೇಲೆ ಈ ಸರಪಳಿಯನ್ನು ಬುಡದಲ್ಲೇ ಕತ್ತರಿಸುವುದು ಒಳ್ಳೆಯದು, ಅಂದರೆ ವೈರಸ್ಸನ್ನೇ ತಡೆಯುವ ಔಷಧ.

ವೈದ್ಯರು ಬರೆದರೆ ಒಸೆಲ್ಟಮಿವಿರ್ 75 ಮಿ.ಗ್ರಾಂ, ದಿನಕ್ಕೆರಡು ಬಾರಿ, 5 ದಿನ. 48 ಗಂಟೆಯೊಳಗೆ ಶುರುವಾದರೆ ಫಲ ಹೆಚ್ಚು. ಆಸ್ಪತ್ರೆಗೆ ಸೇರಿದವರು, ವಯಸ್ಸಾದವರು, ಗರ್ಭಿಣಿಯರಿಗೆ ಆಮೇಲೂ ಕೊಡುವುದುಂಟು. ಮೂತ್ರಪಿಂಡದ ಕ್ರಿಯಾಟಿನಿನ್ ಕ್ಲಿಯರೆನ್ಸ್ (ರಕ್ತ ಸೋಸುವ ವೇಗದ ಅಳತೆ) ನಿಮಿಷಕ್ಕೆ 30ರಿಂದ 60 ಮಿ.ಲೀ. ನಡುವೆ ಇದ್ದರೆ ಪ್ರತಿ ಡೋಸ್ 30 ಮಿ.ಗ್ರಾಂಗೆ ಇಳಿಸಬೇಕು. ವಾಕರಿಕೆ ಬಂದರೆ ಊಟದ ಜೊತೆ ತೆಗೆದುಕೊಳ್ಳಲಿ. ಸಾಮಾನ್ಯವಾಗಿ ಎಡವುವುದು ಎರಡು ಕಡೆ: ಜ್ವರ ಇಳಿಯಿತೆಂದು ಮೂರನೇ ದಿನಕ್ಕೇ ನಿಲ್ಲಿಸುವುದು, ರ‍್ಯಾಪಿಡ್ ಟೆಸ್ಟ್ ನೆಗೆಟಿವ್ ಬಂತೆಂದು ಶುರುವೇ ಮಾಡದಿರುವುದು. ಆ ಆಂಟಿಜೆನ್ ಟೆಸ್ಟ್ ಸಾಕಷ್ಟು ನಿಜವಾದ ಸೋಂಕುಗಳನ್ನು ಪತ್ತೆಹಚ್ಚದೆ ಬಿಟ್ಟುಬಿಡುತ್ತದೆ.

ಮೈಟೊಕಾಂಡ್ರಿಯ

ಎನ್‌ಎಸಿ ಬಗ್ಗೆ ಎಲ್ಲರೂ ಎತ್ತಿ ಹೇಳುವುದು 1997ರ ಇಟಲಿಯ ಅಧ್ಯಯನವನ್ನು. 262 ಜನ, ಬಹುಪಾಲು ವಯಸ್ಸಾದವರು, 600 ಮಿ.ಗ್ರಾಂ ದಿನಕ್ಕೆರಡು ಬಾರಿ, 6 ತಿಂಗಳು. ಸೋಂಕು ತಗಲಿದವರ ಪ್ರಮಾಣ ಎರಡೂ ಗುಂಪಿನಲ್ಲಿ ಹೆಚ್ಚುಕಮ್ಮಿ ಒಂದೇ. ಆದರೆ ಸೋಂಕಿತರಲ್ಲಿ ಲಕ್ಷಣ ಕಂಡದ್ದು ಎನ್‌ಎಸಿ ಗುಂಪಿನಲ್ಲಿ ಶೇ. 25, ಪ್ಲಸೀಬೊ (ಔಷಧವಿಲ್ಲದ ಹುಸಿ ಮಾತ್ರೆ) ಗುಂಪಿನಲ್ಲಿ ಶೇ. 79. ಅಂಕಿ ಆಕರ್ಷಕವೇ. ಆದರೆ ಅಲ್ಲಿ ಮಾತ್ರೆ ನುಂಗಿದ್ದು ಜ್ವರ ಬರುವ ಎಷ್ಟೋ ಮೊದಲಿನಿಂದ. ಎನ್‌ಎಸಿ ದೇಹದ ಸ್ವಂತ ಆಂಟಿಆಕ್ಸಿಡೆಂಟ್ ಆದ ಗ್ಲುಟಾಥಯೋನ್‌ಗೆ ಬೇಕಾದ ಸಿಸ್ಟೀನ್ ಎಂಬ ಅಮೈನೊ ಆಮ್ಲ ಒದಗಿಸುತ್ತದೆ, ಅಷ್ಟೇ. ಜ್ವರ ಬಂದಮೇಲೆ ಶುರುಮಾಡಿ ಅದೇ ಫಲ ನಿರೀಕ್ಷಿಸಲು ಈ ಅಧ್ಯಯನ ಆಧಾರ ಕೊಡುವುದಿಲ್ಲ. ಕೊಡುವುದೇ ಆದರೂ ಎದೆನೋವಿಗೆ ನೈಟ್ರೋಗ್ಲಿಸರಿನ್ ತೆಗೆದುಕೊಳ್ಳುವವರಿಗೆ ಬಿಪಿ ತೀರಾ ಇಳಿಯಬಹುದು. ಆಸ್ತಮಾ ಇದ್ದವರಿಗೆ ಶ್ವಾಸನಾಳ ಬಿಗಿಯಬಹುದು.

ವಿಟಮಿನ್ ಸಿ ಕಥೆಯೂ ಹೀಗೆಯೇ. ಸಾಮಾನ್ಯ ನೆಗಡಿಯ ಪ್ರಯೋಗಗಳಲ್ಲಿ ದಿನಾಲೂ ತೆಗೆದುಕೊಳ್ಳುವ ವಯಸ್ಕರಿಗೆ ನೆಗಡಿಯ ಅವಧಿ ಸುಮಾರು ಶೇ. 8 ಕಡಿಮೆಯಾಯಿತು. ಲಕ್ಷಣ ಬಂದಮೇಲೆ ಶುರುಮಾಡಿದವರಲ್ಲಿ ಸ್ಥಿರವಾದ ಪ್ರಯೋಜನ ಕಂಡಿಲ್ಲ.

ಇನ್ನೊಂದು ಮಾತು. ನ್ಯೂಟ್ರೊಫಿಲ್ ಬ್ಯಾಕ್ಟೀರಿಯಾ ಕೊಲ್ಲಲು ಬಳಸುವುದೂ ಇದೇ ಸೂಪರ್‌ಆಕ್ಸೈಡ್ ದಾರಿಯನ್ನೇ. ಫ್ಲೂ ಬೆನ್ನಿಗೆ ನ್ಯುಮೊಕಾಕಸ್, ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾಗಳ ನ್ಯುಮೋನಿಯಾ ಹೊಂಚುಹಾಕಿರುವಾಗ ಅದನ್ನು ಪೂರ್ತಿ ಬಂದ್ ಮಾಡುವುದು ಜಾಣತನವಲ್ಲ.

ಇರುಳುಡ್ಯೂಟಿ

ಪ್ರೆಡ್ನಿಸೋಲೋನ್ ವಿಷಯ ಬಾಕಿ ಇತ್ತು. ಫ್ಲೂಗೆಂದೇ ಸ್ಟಿರಾಯ್ಡ್ ಬೇಡ. ಆಸ್ಪತ್ರೆ ರೋಗಿಗಳನ್ನು ಗಮನಿಸಿದ ಅಧ್ಯಯನಗಳಲ್ಲಿ ಸ್ಟಿರಾಯ್ಡ್ ಪಡೆದವರಲ್ಲಿ ಸಾವು ಹೆಚ್ಚು ಕಂಡಿದೆ. ತೀವ್ರ ರೋಗಿಗಳಿಗೇ ಸ್ಟಿರಾಯ್ಡ್ ಕೊಡುವುದು ಹೆಚ್ಚಾದ್ದರಿಂದ ಆ ಅಂಕಿಯನ್ನು ಪೂರ್ತಿ ಅದರ ತಲೆಗೆ ಕಟ್ಟಲಾಗದು, ಆದರೂ ಲಾಭವಂತೂ ತೋರಿಲ್ಲ. ಕೋವಿಡ್‌ನಲ್ಲಿ ಡೆಕ್ಸಾಮೆಥಸೋನ್ ಕೆಲಸ ಮಾಡಿತಲ್ಲ ಎನ್ನುವವರಿಗೆ: ಅಲ್ಲೂ ಲಾಭವಾದದ್ದು ಆಕ್ಸಿಜನ್ ಬೇಕಾದವರಿಗೆ ಮಾತ್ರ. ಆಸ್ತಮಾ, ಸಿಒಪಿಡಿಗೆ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಮೊದಲಿನಿಂದ ಸ್ಟಿರಾಯ್ಡ್ ಇನ್‌ಹೇಲರ್ ಬಳಸುವವರು ಮಾತ್ರ ಅದನ್ನು ನಿಲ್ಲಿಸಬಾರದು.

ಗ್ಲುಟಾಥಯೋನ್ ಚಿಂತೆ ಇದ್ದವರು ಮೊದಲು ಪ್ಯಾರಾಸಿಟಮಾಲ್ ಲೆಕ್ಕ ಹಾಕಿ. ಅತಿಯಾದರೆ ಯಕೃತ್ತಿನಲ್ಲಿ ಹುಟ್ಟುವ ಎನ್‌ಎಪಿಕ್ಯೂಐ ಎಂಬ ವಿಷವಸ್ತು ಗ್ಲುಟಾಥಯೋನ್ ಅನ್ನು ಬರಿದು ಮಾಡುತ್ತದೆ. ಅದಕ್ಕೆ ಪ್ರತಿವಿಷವೇ ಎನ್‌ಎಸಿ. ವಯಸ್ಕರಿಗೆ ಒಮ್ಮೆಗೆ 500ರಿಂದ 1000 ಮಿ.ಗ್ರಾಂ, ನಡುವೆ ಕನಿಷ್ಠ 4ರಿಂದ 6 ಗಂಟೆ, ದಿನಕ್ಕೆ 4 ಗ್ರಾಂ ಮೀರಬಾರದು. ತೂಕ ಕಡಿಮೆ ಇದ್ದರೆ, ಯಕೃತ್ತಿನ ತೊಂದರೆ ಇದ್ದರೆ ಇನ್ನೂ ಕಡಿಮೆ. ನೆಗಡಿಯ ಕಾಂಬಿನೇಷನ್ ಮಾತ್ರೆಗಳಲ್ಲೂ ಇದು ಅಡಗಿರುತ್ತದೆ, ಪಟ್ಟಿಯ ಹಿಂಬದಿ ಓದಿ ಕೂಡಿಸಿ. ಮಕ್ಕಳಿಗೆ, ಹದಿಹರೆಯದವರಿಗೆ ಆಸ್ಪಿರಿನ್ ಕೂಡದು, ಮಿದುಳು, ಯಕೃತ್ತು ಕೆಡಿಸುವ ರೇಯ್ ಸಿಂಡ್ರೋಮ್ ಅಪಾಯವಿದೆ. ನೀರು ಕುಡಿಯದೆ ಬಳಲಿದವರಿಗೆ ಐಬುಪ್ರೊಫೆನ್ ಕೊಟ್ಟರೆ ಮೂತ್ರಪಿಂಡಕ್ಕೆ ಏಟು.

ಇಳಿದ ಜ್ವರ ಮತ್ತೆ ಏರಿದರೆ, ಕೂತಲ್ಲೇ ಉಬ್ಬಸ ಬಂದರೆ, ಗೊಂದಲದ ಮಾತು ಶುರುವಾದರೆ, ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ ಮನೆಯಲ್ಲಿ ಕೂರಬೇಡಿ. ಬೆರಳು ತಣ್ಣಗಿದ್ದರೆ, ಉಗುರುಬಣ್ಣ ಇದ್ದರೆ ರೀಡಿಂಗ್ ತಪ್ಪಾಗುತ್ತದೆ. ಬೆಚ್ಚಗೆ ಮಾಡಿ, ಬಣ್ಣ ಅಳಿಸಿ ಮತ್ತೆ ನೋಡಿ.

ಗುಳಿಗೆಪೆಟ್ಟಿಗೆ

ಧನ್ಯವಾದ ಸರ್. ಜಿಂಕ್ ಉಳಿಯಿತು. ಹಾನಿ ಇಲ್ಲವಲ್ಲ?

ಮೈಟೊಕಾಂಡ್ರಿಯ

ಒಸೆಲ್ಟಮಿವಿರ್ ಜೊತೆ ತಕರಾರಿಲ್ಲ. ಒಂದೇ ಡೋಸಿನ ಇನ್ನೊಂದು ಫ್ಲೂ ಔಷಧ ಬಲೊಕ್ಸಾವಿರ್ ಬರೆದಿದ್ದರೆ (80 ಕಿಲೋಗಿಂತ ಕಡಿಮೆ ತೂಕಕ್ಕೆ 40 ಮಿ.ಗ್ರಾಂ, ಅಲ್ಲಿಂದ ಮೇಲಕ್ಕೆ 80) ಜಿಂಕ್, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ, ಆಂಟಾಸಿಡ್, ಹಾಲು ಯಾವುದನ್ನೂ ಅದರ ಜೊತೆ ಕೊಡಬೇಡಿ. ಔಷಧ ಲೋಹಕ್ಕೆ ಅಂಟಿಕೊಂಡು ಹೀರಿಕೆ ಕುಗ್ಗುತ್ತದೆ, ಇರುವ ಒಂದೇ ಡೋಸ್ ದಂಡ. ಮೂಗಿಗೆ ಹಾಕುವ ಜಿಂಕ್ ಸ್ಪ್ರೇ, ಜೆಲ್ ಅಂತೂ ಮುಟ್ಟಲೇಬೇಡಿ. ವಾಸನೆ ಗ್ರಹಿಸುವ ಶಕ್ತಿ ಹೋದ ದೂರುಗಳು ಬಂದದ್ದರಿಂದ 2009ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿತ್ತು.