ದಿನಾ ನೋಡುವುದರಲ್ಲೇ ಹೊಸದು ಕಾಣುವುದು ಹೇಗೆ?

ಪ್ರಶ್ನೆ: ದಿನಕ್ಕೊಂದು ಸಣ್ಣ ಸಂಗತಿ ಗಮನಿಸಿ ಬರೆದಿಡುವ ಅಭ್ಯಾಸ ವಾರದೊಳಗೆ ಸಪ್ಪೆಯಾಗುತ್ತದೆ. ‘ಆಕಾಶ ಚೆನ್ನಾಗಿತ್ತು’ ಅನ್ನುವುದರಿಂದ ಮುಂದಕ್ಕೇ ಹೋಗದು. ಏನು ಮಾಡಬೇಕು?

ಉತ್ತರ 1: ಮೊದಲು ‘ಚೆನ್ನಾಗಿತ್ತು’ ಬಿಡಿ. ಆ ಪದ ಬಂದ ಕೂಡಲೇ ಕಣ್ಣು ಕೆಲಸ ನಿಲ್ಲಿಸುತ್ತದೆ. ಒಂದೇ ವಸ್ತು, ಐದು ನಿಮಿಷ, ಫೋನ್ ಬೇರೆ ಕೋಣೆಯಲ್ಲಿ. ಕುದಿಯುವ ಕೆಟಲ್‌ನ ಮೂತಿಯನ್ನೇ ನೋಡಿ, ದೂರದಿಂದ. ಮೂತಿಗೆ ತಾಗಿದ ಜಾಗದಲ್ಲಿ ಏನೂ ಕಾಣದು. ನಿಜವಾದ ಹಬೆ ಅದೇ. ಆಚೆ ಬೆಳ್ಳಗೆ ಕಾಣುವುದು ತಣಿದು ಹನಿಯಾದ ನೀರು. ಬೆಳಕು ಪಕ್ಕದಿಂದ ಬರಲಿ, ಹಿಂದೆ ಕಪ್ಪು ಬಟ್ಟೆ ಇರಲಿ. ಬಿಳಿ ಗೋಡೆ ಎದುರಿದ್ದರೆ ವ್ಯರ್ಥ.

ಉತ್ತರ 2: ಹುಲ್ಲೂ ಸಾಕು. ಮುಂಜಾನೆ ಗರಿಯ ತುದಿಯಲ್ಲಿ ಒಂದೊಂದೇ ದುಂಡು ಹನಿ ಇದ್ದರೆ ಅದು ಬಹುಪಾಲು ಇಬ್ಬನಿಯಲ್ಲ, ಗಿಡವೇ ಹೊರಹಾಕಿದ ನೀರು. ಇಬ್ಬನಿಯಾದರೆ ಗರಿಯ ಮೈತುಂಬ ಸಣ್ಣ ಹನಿಗಳು. ಹನಿಯೊಳಗೆ ಹಿಂದಿನ ಗಿಡ ತಲೆಕೆಳಗಾಗಿ ಕಾಣುತ್ತದೆ, ಬಗ್ಗಿ ನೋಡಿ! ಬಿಸಿಲೇರಿದರೆ ಮುಗಿಯಿತು.

ಪ್ರಶ್ನೆ ಕೇಳಿದವರು: ರಾತ್ರಿ ಕೂತು ಬರೆದರೆ ಆಗದಾ?

ಉತ್ತರ 1: ಬೇಡ. ಅಷ್ಟರಲ್ಲಿ ವಿವರ ಕರಗಿ ಅಭಿಪ್ರಾಯವಷ್ಟೇ ಉಳಿದಿರುತ್ತದೆ. ನಿಂತಲ್ಲೇ ಎರಡು ಸಾಲು, ಗಂಟೆ ಸಮೇತ.