ಅಪ್‌ಡೇಟ್: ಅಜ್ಜನ ಕಿಸೆ ಗಡಿಯಾರದ ‘14ಕೆ’ ಏನಂತ ಗೊತ್ತಾಯ್ತು

ದಾವಣಗೆರೆ ಮನೆಯ ಹಳೇ ಟ್ರಂಕಿನಲ್ಲಿ ಸಿಕ್ಕ ಅಜ್ಜನ ಕಿಸೆ ಗಡಿಯಾರ ಪೂರ್ತಿ ಚಿನ್ನದ್ದಾ ಅಂತ ಹೋದ ವಾರ ಕೇಳಿದ್ದೆನಲ್ಲ? ಮುಚ್ಚಳದ ಒಳಗೆ ‘ಕೀಸ್ಟೋನ್, ಜೆ. ಬಾಸ್, 14ಕೆ, 25 ಇಯರ್ಸ್’ ಅಂತಿತ್ತು. ಕೀಸ್ಟೋನ್ ಅಂದರೆ ಗಡಿಯಾರದ ಕೇಸು (ಹೊರಕವಚ) ಮಾಡುತ್ತಿದ್ದ ಅಮೆರಿಕದ ಕಂಪನಿ, 14ಕೆ ಅಂದರೆ 14 ಕ್ಯಾರೆಟ್. ಉತ್ತರ ಸಿಕ್ಕಿತು. ಪೂರ್ತಿ ಚಿನ್ನ ಅಲ್ಲ!

ಅಳಿಲಿನ ಗುರುತು ಹುಡುಕಿ ಅಂದಿದ್ದರು ಒಬ್ಬರು. ಭೂತಗನ್ನಡಿ ಹಿಡಿದು ಕಣ್ಣು ನೋಯಿಸಿಕೊಂಡದ್ದೇ ಬಂತು. ಅದು ಸ್ವಿಸ್ 14 ಕ್ಯಾರೆಟ್ ಮುದ್ರೆ, ನಮ್ಮದು ಅಮೆರಿಕದ್ದು. ಚೌಕಿಪೇಟೆಯಲ್ಲಿ ಒರೆಗಲ್ಲಿಗೆ ಉಜ್ಜಿಸಿದ್ದು ಇನ್ನೂ ದಾರಿ ತಪ್ಪಿಸಿತು. ‘14 ಸರಿಯಾಗಿದೆ’ ಅಂದರು ಚಿನ್ನದಂಗಡಿಯವರು. ಮೇಲ್ಪದರ ನಿಜವಾಗಲೂ ಚಿನ್ನವೇ, ಕಲ್ಲಿಗೆ ಸಿಗುವುದು ಅಷ್ಟೇ ಅಲ್ವಾ.

ಕೆಲಸಕ್ಕೆ ಬಂದದ್ದು ‘ವರ್ಷ ಬರೆದಿದ್ದರೆ ಗೋಲ್ಡ್ ಫಿಲ್ಡ್, ಕೀಲಿನ ಹತ್ತಿರ ನೋಡಿ’ ಅನ್ನುವ ಸಲಹೆ. ಗೋಲ್ಡ್ ಫಿಲ್ಡ್ ಅಂದರೆ ಒಳಗೆ ಬೇರೆ ಲೋಹ, ಮೇಲೆ ಚಿನ್ನದ ತಗಡು. ಥ್ಯಾಂಕ್ಸ್ ಸರ್! ಕೀಲಿನ ಪಕ್ಕ ಸವೆದ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಹಿತ್ತಾಳೆ ಇಣುಕುತ್ತಿತ್ತು. ಎರಡು ಚಿನ್ನದ ತಗಡಿನ ನಡುವೆ ಹಿತ್ತಾಳೆ ಕೂರಿಸುವ ಈ ವಿಧಾನಕ್ಕೆ ಜೇಮ್ಸ್ ಬಾಸ್ 1859ರಲ್ಲೇ ಪೇಟೆಂಟ್ ಪಡೆದಿದ್ದ. ಜೆ. ಬಾಸ್ ಅಂದರೆ ಅವನೇ. 25 ಅಂದರೆ ಅಷ್ಟು ವರ್ಷ ಚಿನ್ನ ಸವೆಯುವುದಿಲ್ಲ ಅನ್ನುವ ಗ್ಯಾರಂಟಿ.

ಕೇಸಿನ ನಂಬರ್ ಹಿಡಿದು ಗಡಿಯಾರದ ವಯಸ್ಸು ಹುಡುಕುತ್ತಾ ಎರಡು ದಿನ ಸುಮ್ನೆ ಹಾಳಾಯ್ತು. ಆಗ ಅಮೆರಿಕದಲ್ಲಿ ಮಷೀನು ಬೇರೆ, ಕೇಸು ಬೇರೆ ಆರಿಸಿ ಕೊಳ್ಳುತ್ತಿದ್ದರು. ಒಳಗಿನ ವಾಲ್ಥಮ್ ಕಂಪನಿಯ ಮಷೀನಿನ ನಂಬರ್ ನೋಡಿದ ಮೇಲೆ 1908ರ ಸುಮಾರಿನದು ಅಂತ ಗೊತ್ತಾಯ್ತು.

ಅಜ್ಜಿಗೆ ಹೇಳಿದೆ. ‘ಹಿತ್ತಾಳೆನೋ ಚಿನ್ನನೋ, ಮೊದ್ಲು ಕೀ ಕೊಡು’ ಅಂದರು. ಕೊಟ್ಟೆ. ಓಡುತ್ತಿದೆ, ದಿನಕ್ಕೆ ಆರು ನಿಮಿಷ ಹಿಂದೆ.